ಹೊರಗಿನಿಂದ ಬಂದ ಕೈಗಳು

ಅಮೆರಿಕದ ವಲಸೆ ಕಾರ್ಮಿಕರು ಎಂದೊಡನೆ ನಮ್ಮ ಕಣ್ಣ ಮುಂದೆ ಎರಡು ಚಿತ್ರಗಳು ಬರುತ್ತವೆ. ಒಂದು, ಮೆಕ್ಸಿಕೋ ಗಡಿಯ ಎತ್ತರದ ಬೇಲಿ. ಇನ್ನೊಂದು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಗನನ್ನೋ ಮಗಳನ್ನೋ ಬೀಳ್ಕೊಡುತ್ತಿರುವ ತಂದೆ ತಾಯಿ. ಎರಡೂ ನಿಜವಾದ ಚಿತ್ರಗಳೇ. ಆದರೆ ಈ ಎರಡನ್ನೂ ಜೋಡಿಸುವ ಸಂಗತಿ ಕ್ಯಾಮೆರಾದ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಕೆಲಸ ಯಾರಿಗೆ, ಎಷ್ಟು ಕೂಲಿಗೆ, ಯಾವ ಷರತ್ತಿನ ಮೇಲೆ ಸಿಗಬೇಕೆಂಬುದನ್ನು ನಿರ್ಧರಿಸುವ ದುಡಿಮೆಯ ಮಾರುಕಟ್ಟೆಯೇ ಆ ಸಂಗತಿ. ಪರದೆಯ ಮೇಲೆ ತಜ್ಞರ ವಾದವಿವಾದ ಕೇಳುವ ಮುನ್ನ ಆ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡೋಣ.

ಒಂದು ಹಳೆಯ ಲೆಕ್ಕ

"ಹೊರಗಿನವರು ಬಂದು ನಮ್ಮವರ ಕೆಲಸ ಕಿತ್ತುಕೊಳ್ಳುತ್ತಾರೆ" ಎಂಬ ಮಾತನ್ನು ನೀವು ಎಲ್ಲೆಡೆ ಕೇಳಿರುತ್ತೀರಿ. ಅದರ ಹಿಂದಿನ ಲೆಕ್ಕ ಸರಳ. ಊರಿನಲ್ಲಿ ನೂರು ಕೆಲಸಗಳಿವೆ, ನೂರು ಜನರಿದ್ದಾರೆ. ಹೊಸದಾಗಿ ಹತ್ತು ಜನ ಬಂದರೆ ಹತ್ತು ಜನ ಬೀದಿಗೆ ಬೀಳಬೇಕು. ಆದರೆ ಕೆಲಸಗಳೆಂಬುವು ಡಬ್ಬಿಯಲ್ಲಿ ಎಣಿಸಿಟ್ಟ ಗೋಲಿಗಳಲ್ಲ. ಬಂದ ಹತ್ತು ಜನರೂ ಊಟ ಮಾಡಬೇಕು, ಮನೆ ಬಾಡಿಗೆಗೆ ಹಿಡಿಯಬೇಕು, ಕ್ಷೌರ ಮಾಡಿಸಿಕೊಳ್ಳಬೇಕು. ಅವರ ಬರವಿನಿಂದಲೇ ಹೊಸ ಕೆಲಸಗಳು ಹುಟ್ಟುತ್ತವೆ.

ಹಾಗೆಂದು ಯಾರಿಗೂ ನಷ್ಟವಿಲ್ಲ ಎನ್ನುವುದೂ ತಪ್ಪು. ಹೊಸಬನು ನಿಮ್ಮ ಕೆಲಸಕ್ಕೆ ಪೂರಕನಾಗಿದ್ದರೆ ನಿಮಗೆ ಲಾಭ. ನಿಮ್ಮ ಕೆಲಸವನ್ನೇ ಮಾಡುವವನಾಗಿದ್ದರೆ ಪೈಪೋಟಿ. ಇಟ್ಟಿಗೆ ಹೊರುವವರು ಹೆಚ್ಚಾದರೆ ಮೇಸ್ತ್ರಿಗೆ ಕೆಲಸ ಹೆಚ್ಚುತ್ತದೆ. ಮೊದಲೇ ಇಟ್ಟಿಗೆ ಹೊರುತ್ತಿದ್ದವನಿಗೆ ಕೂಲಿಯ ಚಿಂತೆ ಶುರುವಾಗುತ್ತದೆ. ವಲಸೆಯ ಬಗೆಗಿನ ಜಗಳದ ಬಹುಪಾಲು ಈ ಎರಡು ಸಾಲುಗಳ ನಡುವೆಯೇ ಇದೆ.

ವಿಜ್ಞಾನದಲ್ಲಿ ಇಂಥ ಪ್ರಶ್ನೆ ಎದ್ದರೆ ಪ್ರಯೋಗಶಾಲೆಗೆ ಹೋಗುತ್ತೇವೆ. ಒಂದು ಪಾತ್ರೆಗೆ ವಸ್ತು ಸೇರಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಹೋಲಿಸುತ್ತೇವೆ. ಸಮಾಜದಲ್ಲಿ ಹೀಗೆ ಮಾಡಲಾಗದು. ಆದರೆ ಅಮೆರಿಕದ ಇತಿಹಾಸ ತಾನಾಗಿಯೇ ಇಂಥ ಎರಡು ಪ್ರಯೋಗಗಳನ್ನು ನಡೆಸಿಬಿಟ್ಟಿದೆ. ಒಂದರಲ್ಲಿ ಬಾಗಿಲು ಥಟ್ಟನೆ ತೆರೆಯಿತು, ಇನ್ನೊಂದರಲ್ಲಿ ಥಟ್ಟನೆ ಮುಚ್ಚಿತು.

ಬಾಗಿಲು ತೆರೆದಾಗ: ಮಯಾಮಿ, 1980

1980ರ ಏಪ್ರಿಲ್‌ನಲ್ಲಿ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ, ಹೋಗಬಯಸುವವರು ಮರಿಯೆಲ್ ಬಂದರಿನಿಂದ ಹೋಗಬಹುದೆಂದು ಘೋಷಿಸಿದರು. ಅಕ್ಟೋಬರ್‌ನೊಳಗೆ ಸುಮಾರು 1 ಲಕ್ಷ 25 ಸಾವಿರ ಜನ ದೋಣಿಗಳಲ್ಲಿ ಫ್ಲಾರಿಡಾ ತಲುಪಿದರು. ಅವರಲ್ಲಿ ಅರ್ಧದಷ್ಟು ಜನ ಮಯಾಮಿಯಲ್ಲೇ ನೆಲೆಸಿದರು. ಆ ನಗರದ ದುಡಿಯುವವರ ಸಂಖ್ಯೆ ಕೆಲವೇ ತಿಂಗಳಲ್ಲಿ ಶೇ. 7ರಷ್ಟು ಹೆಚ್ಚಿತು.

ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾ ನಗರಗಳೊಂದಿಗೆ ಹೋಲಿಸಿ 1990ರಲ್ಲಿ ಪ್ರಬಂಧ ಪ್ರಕಟಿಸಿದರು. ಮಯಾಮಿಯ ಹಳೆಯ ಕಾರ್ಮಿಕರ ಕೂಲಿಯ ಮೇಲಾಗಲೀ ನಿರುದ್ಯೋಗದ ಮೇಲಾಗಲೀ ಹೇಳಿಕೊಳ್ಳುವಂಥ ಪರಿಣಾಮ ಅವರಿಗೆ ಕಾಣಲಿಲ್ಲ. ದುಡಿಮೆಯ ಅರ್ಥಶಾಸ್ತ್ರದ ಇಂಥ ಕೆಲಸಕ್ಕಾಗಿ 2021ರಲ್ಲಿ ಅವರಿಗೆ ನೊಬೆಲ್ ಗೌರವವೂ ಬಂತು. ಆದರೆ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಸ್ವತಃ ಕ್ಯೂಬಾದಿಂದ ವಲಸೆ ಬಂದ ಜಾರ್ಜ್ ಬೊರ್ಹಾಸ್ ಅದೇ ಅಂಕಿಅಂಶಗಳನ್ನು ಬೇರೆ ಜರಡಿಯಲ್ಲಿ ಸೋಸಿದರು. ಹೈಸ್ಕೂಲು ಮುಗಿಸದ ಪುರುಷ ಕಾರ್ಮಿಕರನ್ನು ಮಾತ್ರ ತೆಗೆದುಕೊಂಡರೆ ಅವರ ಕೂಲಿ ಕನಿಷ್ಠ ಶೇ. 10ರಷ್ಟು ಕುಸಿದಿತ್ತೆಂದು 2017ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಆ ಗುಂಪಿನ ಮಾದರಿ ತೀರ ಚಿಕ್ಕದು, ಅದರಲ್ಲಿದ್ದ ಜನರ ಸ್ವರೂಪವೇ ಆ ವರ್ಷಗಳಲ್ಲಿ ಬದಲಾಗಿತ್ತು ಎಂದು ಇತರರು ಆಕ್ಷೇಪಿಸಿದರು.

ನೀವು ಇಲ್ಲಿ ಗಮನಿಸಬೇಕಾದದ್ದು ಯಾರು ಗೆದ್ದರೆಂಬುದನ್ನಲ್ಲ. ಇಡೀ ನಗರದ ಸರಾಸರಿ ಅಲುಗದಿದ್ದರೂ ಅತ್ಯಂತ ಕೆಳಗಿನ ಮೆಟ್ಟಿಲಿನವನಿಗೆ ಏನಾಯಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಸರಾಸರಿ ಯಾರ ಮನೆಯ ಒಲೆಯನ್ನೂ ಉರಿಸುವುದಿಲ್ಲ.

ಬಾಗಿಲು ಮುಚ್ಚಿದಾಗ: ಕ್ಯಾಲಿಫೋರ್ನಿಯಾ, 1964

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗಂಡಸರು ಸೈನ್ಯಕ್ಕೂ ಕಾರ್ಖಾನೆಗೂ ಹೋದರು. ಹೊಲಗಳಲ್ಲಿ ಆಳಿಲ್ಲದಂತಾಯಿತು. 1942ರ ಆಗಸ್ಟ್‌ನಲ್ಲಿ ಮೆಕ್ಸಿಕೋದೊಂದಿಗೆ ಒಪ್ಪಂದವಾಯಿತು. ಬ್ರಸೇರೋ ಎಂದರೆ ತೋಳಿನಿಂದ ದುಡಿಯುವವನು. ಈ ಹೆಸರಿನ ಯೋಜನೆ ಯುದ್ಧ ಮುಗಿದ ಮೇಲೂ ನಿಲ್ಲದೆ 22 ವರ್ಷ ನಡೆಯಿತು. ಒಟ್ಟು ಸುಮಾರು 46 ಲಕ್ಷ ಗುತ್ತಿಗೆಗಳು ಸಹಿಯಾದವು. ಕಾಗದದ ಮೇಲೆ ವಸತಿ, ಪ್ರಯಾಣ, ಕನಿಷ್ಠ ಕೂಲಿ ಎಲ್ಲವೂ ಇತ್ತು. ವಾಸ್ತವದಲ್ಲಿ ಗಡಿಯ ಕೇಂದ್ರಗಳಲ್ಲಿ ಕಾರ್ಮಿಕರ ಬೆತ್ತಲೆ ಮೈಗೆ ಡಿಡಿಟಿ ಪುಡಿ ಎರಚಲಾಗುತ್ತಿತ್ತು. ಯೋಜನೆಯ ಆರಂಭದ ವರ್ಷಗಳಲ್ಲಿ ಕೂಲಿಯ ಶೇ. 10ರಷ್ಟನ್ನು ಉಳಿತಾಯವೆಂದು ಹಿಡಿದಿಟ್ಟರು. ಆ ಹಣ ಅನೇಕರ ಕೈಸೇರಲೇ ಇಲ್ಲ.

ಈ ಯೋಜನೆಯಿಂದ ಸ್ಥಳೀಯ ಕೃಷಿ ಕೂಲಿಗಳ ಗಳಿಕೆ ಕುಗ್ಗುತ್ತಿದೆಯೆಂಬ ಕೂಗೆದ್ದು, 1964ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸಲಾಯಿತು. ಹೊರಗಿನ ಕೈಗಳು ಹೋದರೆ ಒಳಗಿನ ಕೈಗಳಿಗೆ ಬೆಲೆ ಬರುತ್ತದೆ ಎಂಬುದು ನಿರೀಕ್ಷೆ. ಆದದ್ದೇನು?

ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾಕ್ ಹಾನಾ ಎಂಬ ತಳಿ ವಿಜ್ಞಾನಿ ಗಟ್ಟಿ ಸಿಪ್ಪೆಯ, ಒಟ್ಟಿಗೇ ಹಣ್ಣಾಗುವ ಟೊಮೆಟೊ ಬೆಳೆಸುತ್ತಿದ್ದರು. ಕೋಬಿ ಲೊರೆಂಜನ್ ಎಂಬ ಎಂಜಿನಿಯರ್ ಅದನ್ನು ಗಿಡಸಮೇತ ಕತ್ತರಿಸಿ ಹಣ್ಣು ಉದುರಿಸುವ ಯಂತ್ರ ಕಟ್ಟಿದ್ದರು. ಯಂತ್ರ ಮೊದಲೇ ಸಿದ್ಧವಿತ್ತು, ಆದರೆ ಅಗ್ಗದ ಕೈಗಳಿರುವಾಗ ಅದು ಯಾರಿಗೂ ಬೇಕಿರಲಿಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆ ಟೊಮೆಟೊ ಬೆಳೆಯಲ್ಲಿ ಯಂತ್ರದ ಪಾಲು ನೂರಕ್ಕೆ ಐದೂ ಇರಲಿಲ್ಲ. ದಶಕ ಮುಗಿಯುವುದರೊಳಗೆ ಹೆಚ್ಚುಕಡಿಮೆ ಪೂರ್ತಿ ಬೆಳೆ ಯಂತ್ರದ ಪಾಲಾಗಿತ್ತು. ದುಬಾರಿ ಯಂತ್ರ ಕೊಳ್ಳಲಾಗದ ಸಣ್ಣ ರೈತರು ಹಿಂದೆ ಸರಿದರು. 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಟೊಮೆಟೊ ಬೆಳೆಗಾರರು 1973ರ ಹೊತ್ತಿಗೆ ಸುಮಾರು 600ಕ್ಕೆ ಇಳಿದರು. ಯಂತ್ರವಿಲ್ಲದ ಸ್ಟ್ರಾಬೆರಿ, ಆಸ್ಪರಾಗಸ್‌ನಂಥ ಬೆಳೆಗಳ ಉತ್ಪಾದನೆ ಕುಗ್ಗಿತು.

ಮೈಕೆಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು ಬ್ರಸೇರೋಗಳು ಹೆಚ್ಚಿದ್ದ ರಾಜ್ಯಗಳನ್ನು ಇಲ್ಲದ ರಾಜ್ಯಗಳೊಂದಿಗೆ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಗಿಲು ಮುಚ್ಚಿದ್ದರಿಂದ ಸ್ಥಳೀಯ ಕೃಷಿ ಕಾರ್ಮಿಕರ ಕೂಲಿ ವಿಶೇಷವಾಗಿ ಏರಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ.

ಹಾಗಾದರೆ ಕೂಲಿ ಏರುವುದು ಹೇಗೆ? ಅದೇ ಕ್ಯಾಲಿಫೋರ್ನಿಯಾದಲ್ಲಿ 1965ರ ಸೆಪ್ಟೆಂಬರ್ 8ರಂದು ಡೆಲಾನೋ ಎಂಬ ಊರಿನ ದ್ರಾಕ್ಷಿ ತೋಟಗಳಲ್ಲಿ ಫಿಲಿಪಿನೋ ಕಾರ್ಮಿಕರು ಲ್ಯಾರಿ ಇಟ್ಲಿಯಾಂಗ್ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಗಂಟೆಗೆ 1 ಡಾಲರ್ 40 ಸೆಂಟ್ ಅವರ ಬೇಡಿಕೆ. ಸುಮಾರು ಒಂದು ವಾರದ ನಂತರ ಸೀಸರ್ ಚಾವೆಜ್, ಡೊಲೊರೆಸ್ ಹುಯೆರ್ಟಾ ಅವರ ಸಂಘದ ಮೆಕ್ಸಿಕನ್ ಮೂಲದ ಕಾರ್ಮಿಕರೂ ಜೊತೆಗೂಡಿದರು. ಸಂಘಟನೆಯ ಹಕ್ಕು ಕೊಡುವ 1935ರ ಅಮೆರಿಕದ ಕಾನೂನು ಕೃಷಿ ಕಾರ್ಮಿಕರನ್ನು ಹೊರಗಿಟ್ಟಿತ್ತು. ಆದ್ದರಿಂದ ಅವರು ದೇಶದ ಗ್ರಾಹಕರ ಮೊರೆ ಹೋಗಿ ದ್ರಾಕ್ಷಿ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಐದು ವರ್ಷಗಳ ನಂತರ, 1970ರ ಜುಲೈನಲ್ಲಿ, ತೋಟದ ಒಡೆಯರು ಒಪ್ಪಂದಕ್ಕೆ ಸಹಿ ಮಾಡಿದರು. ಬ್ರಸೇರೋ ಯೋಜನೆ ನಿಂತಿದ್ದರಿಂದ ಮುಷ್ಕರ ಮುರಿಯಲು ಗುತ್ತಿಗೆ ಆಳುಗಳನ್ನು ತರುವುದು ಕಷ್ಟವಾಗಿತ್ತು ಎಂಬುದೂ ನಿಜ. ಆದರೆ ಕೂಲಿ ತಾನಾಗಿ ಏರಲಿಲ್ಲ. ಹೊರಗಿನಿಂದ ಬಂದವರೇ ಸಂಘಟಿತರಾಗಿ ಏರಿಸಿದರು.

ಕಾನೂನಿನ ಕೈ

ಮಾರುಕಟ್ಟೆ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. 1924ರ ಕಾನೂನು ದೇಶವಾರು ಕೋಟಾ ಬಿಗಿಗೊಳಿಸಿತು. 1910ರಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಹೊರದೇಶದಲ್ಲಿ ಹುಟ್ಟಿದವರು ಶೇ. 14.7ರಷ್ಟಿದ್ದರೆ, 1970ರ ವೇಳೆಗೆ ಶೇ. 4.7ಕ್ಕೆ ಇಳಿದಿದ್ದರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನು ಕೋಟಾ ಪದ್ಧತಿಯನ್ನು ತೆಗೆದುಹಾಕಿ ಏಷ್ಯಾದವರಿಗೆ ದಾರಿ ತೆರೆಯಿತು. 2022ರಲ್ಲಿ ಈ ಪ್ರಮಾಣ ಮತ್ತೆ ಶೇ. 13.9ಕ್ಕೇರಿತ್ತು. ದುಡಿಯುವವರ ಪೈಕಿ 2023ರಲ್ಲಿ ಇವರ ಪಾಲು ಶೇ. 18.6.

ಆದರೆ ಅದೇ 1965ರ ಕಾನೂನು ಮೊದಲ ಬಾರಿಗೆ ಮೆಕ್ಸಿಕೋ ಸೇರಿದ ಪಶ್ಚಿಮ ಗೋಳಾರ್ಧದ ವಲಸೆಗೂ ಮಿತಿ ಹಾಕಿತು. ಬ್ರಸೇರೋ ಯೋಜನೆಯೂ ಮುಗಿದಿತ್ತು. ಹೊಲಗಳಿಗೆ ಮಾತ್ರ ಜನ ಬೇಕೇ ಇತ್ತು. ನಿನ್ನೆಯವರೆಗೆ ಗುತ್ತಿಗೆಯ ಮೇಲೆ ಬರುತ್ತಿದ್ದವನು ಇಂದು ಕಾಗದವಿಲ್ಲದೆ ಬಂದ. ಮನುಷ್ಯ ಅವನೇ, ಹೊಲ ಅದೇ; ಬದಲಾದದ್ದು ಅವನ ಹೆಸರಿನ ಮುಂದಿನ ವಿಶೇಷಣ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾನೂನಿನಿಂದ ಸುಮಾರು 27 ಲಕ್ಷ ಜನ ಅಧಿಕೃತ ನಿವಾಸಿಗಳಾದರು. ಕಾಗದವಿಲ್ಲದವರನ್ನು ತಿಳಿದೂ ನೇಮಿಸಿಕೊಂಡ ಮಾಲೀಕರಿಗೆ ದಂಡವನ್ನೂ ವಿಧಿಸಿತು. ಇಲ್ಲಿ "ತಿಳಿದೂ" ಎಂಬ ಮಾತೇ ಕಿಂಡಿಯಾಯಿತು. ಮಾಲೀಕ ನೇರವಾಗಿ ನೇಮಿಸಿಕೊಳ್ಳದೆ ಮಧ್ಯವರ್ತಿಯನ್ನಿಟ್ಟರೆ ಅವನಿಗೆ ತಿಳಿದಿರಲಿಲ್ಲ ಎಂದಾಗುತ್ತದೆ.

ಇದರ ಪರಿಣಾಮ ಕೂಲಿಗಿಂತ ಆಳವಾದದ್ದು. ದೂರು ಕೊಟ್ಟರೆ ಗಡೀಪಾರಾಗುವ ಭಯವಿರುವವನು ಕೂಲಿ ಬಾಕಿ ಕೇಳುವುದಿಲ್ಲ, ಬಿಸಿಲಿನಲ್ಲಿ ನೆರಳು ಕೇಳುವುದಿಲ್ಲ. ಅವನು ಕೇಳದಿದ್ದರೆ ಪಕ್ಕದಲ್ಲಿ ನಿಂತ ಸ್ಥಳೀಯ ಕಾರ್ಮಿಕನ ದನಿಯೂ ತಗ್ಗುತ್ತದೆ. ಇಬ್ಬರನ್ನೂ ಕುಗ್ಗಿಸುವುದು ಒಬ್ಬನ ಅಸಹಾಯಕತೆ.

ನಮ್ಮ ಮನೆಯ ಬಾಗಿಲಿಗೆ

ಇಷ್ಟು ದೂರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಎಚ್-1ಬಿ ವೀಸಾ ಎಂಬ ಹೆಸರು ಕರ್ನಾಟಕದ ಎಷ್ಟೋ ಮನೆಗಳಿಗೆ ಪರಿಚಿತ. 1990ರ ಕಾನೂನು ಇದನ್ನು ವರ್ಷಕ್ಕೆ 65,000ದ ಮಿತಿಯೊಂದಿಗೆ ಆರಂಭಿಸಿತು. ಕಂಪ್ಯೂಟರ್ ಉದ್ಯಮದ ಬಿರುಸಿನಲ್ಲಿ ಮಿತಿ 1,95,000ದವರೆಗೆ ಏರಿ, 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. ಆಮೇಲೆ ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗಾಗಿ 20,000 ಸೇರಿತು.

ಇಲ್ಲಿಯೂ ಟೊಮೆಟೊ ಹೊಲದ ಪಾಠವೇ ಬೇರೆ ವೇಷದಲ್ಲಿ ಬರುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು ಉಪಗ್ರಹ ಸಂಪರ್ಕ ಪಡೆದಂದಿನಿಂದ, ಎಂಜಿನಿಯರ್ ಹೋಗದಿದ್ದರೂ ಅವನ ಕೆಲಸ ಸಮುದ್ರ ದಾಟಬಲ್ಲದು ಎಂಬುದು ಸ್ಪಷ್ಟವಾಯಿತು. ವೀಸಾ ಮಿತಿ ಇಳಿದ ಮೇಲೆ ಬಹುರಾಷ್ಟ್ರೀಯ ಕಂಪನಿಗಳು ಭಾರತ, ಚೀನಾ, ಕೆನಡಾಗಳಲ್ಲಿ ನೇಮಕ ಹೆಚ್ಚಿಸಿದವೆಂದು ಬ್ರಿಟಾ ಗ್ಲೆನನ್ ಅವರ ಅಧ್ಯಯನ ತೋರಿಸಿದೆ. ಹೊಲವನ್ನು ಎತ್ತಿ ತರಲಾಗದು, ಅಲ್ಲಿಗೆ ಯಂತ್ರ ಬಂತು. ಮೇಜನ್ನು ಎತ್ತಿ ತರಬಹುದು, ಅದು ಬೆಂಗಳೂರಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಸಹಿ ಹಾಕಿದಾಗಲೂ ಇದೇ ಪ್ರಶ್ನೆ ಎದ್ದಿತು.

ಹೊಲದ ಆಳಿಗೂ ನಮ್ಮ ಎಂಜಿನಿಯರಿಗೂ ಸಂಬಳದಲ್ಲಿ ಅಜಗಜಾಂತರ. ಆದರೆ ಇಬ್ಬರ ಪಾದವೂ ಒಂದೇ ಬಗೆಯ ನೆಲದ ಮೇಲಿದೆ. ಎಚ್-1ಬಿ ಮೇಲಿರುವವರು ಕೆಲಸ ಕಳೆದುಕೊಂಡರೆ ಇನ್ನೊಂದು ಹುಡುಕಲು 2017ರ ನಿಯಮದ ಪ್ರಕಾರ ಹೆಚ್ಚೆಂದರೆ 60 ದಿನಗಳ ಬಿಡುವು. ಕಾಯಂ ವಾಸದ ಹಸಿರು ಕಾರ್ಡಿನಲ್ಲಿ ಯಾವುದೇ ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲವಾದ್ದರಿಂದ ಭಾರತೀಯರ ಸರದಿ ಸಾಲು ದಶಕಗಳಷ್ಟು ಉದ್ದ. ಅಲ್ಲಿಯವರೆಗೆ ಸಂಬಳ ಹೆಚ್ಚಿಸಿ ಎನ್ನುವ ಧೈರ್ಯ ಎಷ್ಟಿದ್ದೀತು?

ಮುಂದಿನ ದಿನಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಸಿಯಾಗಲಿದೆ. 1946ರಿಂದ 1964ರ ನಡುವೆ ಹುಟ್ಟಿದ ಅಮೆರಿಕದ ದೊಡ್ಡ ಪೀಳಿಗೆ ನಿವೃತ್ತಿಯ ವಯಸ್ಸಿಗೆ ಬಂದಿದೆ. ಹುಟ್ಟುವ ಮಕ್ಕಳು ಕಡಿಮೆಯಾಗಿದ್ದಾರೆ. ಅಲ್ಲಿನ ವೈದ್ಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಮುದುಕರನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುವ ಕೆಲಸಕ್ಕೆ ಟೊಮೆಟೊ ಯಂತ್ರದಂಥದ್ದು ಇನ್ನೂ ಬಂದಿಲ್ಲ; ಆ ಕೆಲಸ ಬೆಂಗಳೂರಿಗೂ ಬರಲಾರದು.

ಪರದೆಯ ಮೇಲೆ ಚರ್ಚೆ ನಡೆಯುವಾಗ ಮೂರು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮಾತನಾಡುವವರು ಹೇಳುವ ಲಾಭ ನಷ್ಟ ಸರಾಸರಿಯದೋ, ಕೆಳಗಿನ ಮೆಟ್ಟಿಲಿನವನದೋ? ಬಾಗಿಲು ಮುಚ್ಚಿದರೆ ಆ ಜಾಗಕ್ಕೆ ಬರುವುದು ಸ್ಥಳೀಯ ಕಾರ್ಮಿಕನೋ, ಯಂತ್ರವೋ, ಇನ್ನೊಂದು ದೇಶವೋ? ಬಾಗಿಲು ತೆರೆದರೆ, ಒಳಗೆ ಬಂದವನಿಗೆ "ಇಲ್ಲ" ಎನ್ನುವ ಹಕ್ಕು ಇದೆಯೇ? ಮೊದಲೆರಡಕ್ಕೆ ಅರ್ಥಶಾಸ್ತ್ರಜ್ಞರು ಉತ್ತರಿಸಬಲ್ಲರು. ಮೂರನೆಯದನ್ನು ತೀರ್ಮಾನಿಸಬೇಕಾದವರು ಕಾನೂನು ಮಾಡುವವರು ಮತ್ತು ಅವರನ್ನು ಆರಿಸುವವರು.