ರಕ್ತ ನೆಲಕ್ಕೆ ಬೀಳದಿರಲಿ

ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ನವರಾತ್ರಿ ಬಂತೆಂದರೆ ಗುಡಿಯಲ್ಲಿ ದೇವಿ ಪುರಾಣ. ಚಿದಾನಂದ ಅವಧೂತರು ಕನ್ನಡದಲ್ಲಿ ಬರೆದದ್ದನ್ನು ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಚಿಕ್ಕವನಿದ್ದಾಗ ನಾನು ಅಜ್ಜಿಯ ಹಿಂದೆ ಹೋಗುತ್ತಿದ್ದದ್ದು ಪ್ರಸಾದಕ್ಕಾಗಿ. ಕಳೆದ ನವರಾತ್ರಿಯಲ್ಲಿ ಮಾತ್ರ ಕಥೆ ನನ್ನನ್ನೇ ಹಿಡಿದು ಕೂರಿಸಿತು.

ಆಗ ನಾನು ಬಿ.ಇ. ಐದನೇ ಸೆಮಿಸ್ಟರ್. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾಗಿದ್ದೆ. ಅಪ್ಪ ಫೋನಿನಲ್ಲಿ ಕೇಳಿದಾಗ ‘ಎಲ್ಲಾ ಪಾಸ್’ ಎಂದುಬಿಟ್ಟಿದ್ದೆ. ಮತ್ತೆ ಪರೀಕ್ಷೆ ಕಟ್ಟಲು ದುಡ್ಡು ಬೇಕಾಯಿತು. ಪ್ರಾಜೆಕ್ಟ್ ಖರ್ಚು ಎಂದೆ. ಎರಡನೇ ಸಲವೂ ಪಾಸಾಗಲಿಲ್ಲ. ಮಾರ್ಕ್ಸ್ ಕಾರ್ಡ್ ಕೇಳಿದರೆ ಇನ್ನೂ ಬಂದಿಲ್ಲ ಎಂದೆ. ಬ್ಯಾಕ್‌ಲಾಗ್ ಇದ್ದರೆ ಎಷ್ಟೋ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೇ ಕೂರಿಸುವುದಿಲ್ಲ. ಅಪ್ಪ ಮಾತ್ರ ಮಗನಿಗೆ ಮುಂದಿನ ವರ್ಷ ಕೆಲಸ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಅಂದು ಗುಡಿಯಲ್ಲಿ ರಕ್ತಬೀಜಾಸುರನ ಕಥೆ. ಮಾರ್ಕಂಡೇಯ ಪುರಾಣದೊಳಗಿನ ದೇವಿ ಮಹಾತ್ಮೆಯ ಎಂಟನೇ ಅಧ್ಯಾಯದಲ್ಲಿ ಬರುವವನು ಇವನು. ಇವನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಅಷ್ಟೇ ಬಲದ ಇನ್ನೊಬ್ಬ ಅಸುರ ಎದ್ದು ನಿಲ್ಲುತ್ತಾನೆ. ಐಂದ್ರಿಯ ವಜ್ರಾಯುಧ, ವೈಷ್ಣವಿಯ ಚಕ್ರ ಎರಡೂ ಗುರಿ ತಪ್ಪುವುದಿಲ್ಲ. ಆದರೆ ಹೊಡೆದಷ್ಟೂ ಅಸುರರು ಹೆಚ್ಚುತ್ತಾರೆ, ದೇವತೆಗಳಿಗೇ ಭಯ ಹುಟ್ಟುತ್ತದೆ. ಆಗ ದೇವಿ ಚಾಮುಂಡೆಗೆ ಬಾಯಿ ಅಗಲಿಸು ಎನ್ನುತ್ತಾಳೆ. ಚಾಮುಂಡೆ ಹನಿ ನೆಲ ಮುಟ್ಟುವ ಮೊದಲೇ ಕುಡಿಯುತ್ತಾಳೆ, ಹುಟ್ಟಿದ ಅಸುರರನ್ನೂ ನುಂಗುತ್ತಾಳೆ. ಕೊನೆಗೆ ರಕ್ತವೇ ಉಳಿಯದೆ ರಕ್ತಬೀಜ ಉರುಳುತ್ತಾನೆ.

ಮನೆಗೆ ನಡೆಯುವಾಗ ಅಜ್ಜಿ ಅಂದಳು: ‘ಕಡಿಯೋದು ದೊಡ್ಡದಲ್ಲ ತಮ್ಮಾ, ಹನಿ ನೆಲಕ್ಕ ಬೀಳದಂಗ ನೋಡಕೋಬೇಕು.’

ಅವಳಿಗೆ ನನ್ನ ಗುಟ್ಟು ಗೊತ್ತಿರಲಿಲ್ಲ. ನನಗೆ ಮಾತ್ರ ಚುರ್ ಎಂದಿತು. ಅಸುರರು ನಮ್ಮೊಳಗೇ ಇದ್ದಾರೆ ಎಂದು ಹಿರಿಯರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ನನ್ನೊಳಗಿನವನ ಹೆಸರು ಅಂದು ತಿಳಿಯಿತು. ಒಂದೊಂದು ಜಾಣ ಉತ್ತರವೂ ಅಂದಿನ ದಿನಕ್ಕೆ ನನ್ನನ್ನು ಉಳಿಸಿತ್ತು, ಮರುದಿನಕ್ಕೆ ಇನ್ನೊಂದು ಸುಳ್ಳನ್ನು ಹುಟ್ಟಿಸಿತ್ತು. ಚಾಮುಂಡೆ ನುಂಗಿದಂತೆ ನಾನೂ ನನ್ನ ಅವಮಾನವನ್ನು ನುಂಗಬೇಕಿತ್ತು.

ಅಂದು ರಾತ್ರಿ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಎದ್ದು ಒಳಗೆ ಹೋದರು. ಎರಡು ದಿನ ಮಾತಿಲ್ಲ. ಮೂರನೇ ದಿನ ಬಸ್ ಹತ್ತುವಾಗ ಕೈಗೆ ದುಡ್ಡು ಇಟ್ಟು, ‘ಇದು ಪರೀಕ್ಷಾ ಫೀಸು. ಪ್ರಾಜೆಕ್ಟಿಂದಲ್ಲ’ ಎಂದರು. ಕಿಟಕಿ ಪಕ್ಕ ಕೂತು ಅತ್ತೆ, ಆದರೆ ಎದೆ ಹಗುರಾಗಿತ್ತು.

ಗೆಳೆಯರೇ, ರಿಸಲ್ಟ್ ಇರಲಿ, ಇಂಟರ್‌ವ್ಯೂ ಇರಲಿ, ಮನೆಯಲ್ಲಿ ಮುಚ್ಚಿಟ್ಟ ಒಂದು ಹನಿ ನಿಮ್ಮಲ್ಲೂ ಇರಬಹುದು. ಅದು ನೆಲ ಮುಟ್ಟುವ ಮೊದಲೇ ಹೇಳಿಬಿಡಿ.

ಗಣಿತ ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಇನ್ನೂ ಬಂದಿಲ್ಲ. ಬಂದ ದಿನ ಏನೇ ಆಗಿರಲಿ, ಮೊದಲ ಫೋನ್ ಅಪ್ಪನಿಗೆ.