ಕೂಲರ್ ಇದ್ದರೂ ಮನೆ ತಂಪಾಗುವುದಿಲ್ಲವೇಕೆ?

ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟಿದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಆ ಎರಡು ತಿಂಗಳು ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿನ ಬೇಗೆ ತೀವ್ರವಾದಾಗ ಝುಹ್ರ್ ನಮಾಝನ್ನು ಸ್ವಲ್ಪ ತಂಪಾಗುವ ತನಕ ತಡಮಾಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೀಗೆ ಕಚೇರಿಗೂ ಮಸೀದಿಗೂ ರಿಯಾಯಿತಿ ಇದೆ. ಅಡುಗೆಮನೆಗೆ ಮಾತ್ರ ಇಲ್ಲ. ಮನೆಗೊಂದು ಕೂಲರ್ ಬಂದರೆ ಅದು ಬೈಠಕ್ ಖೋಲಿಯಲ್ಲಿ ಕೂರುತ್ತದೆ. ಒಲೆಯ ಮುಂದೆ ನಿಂತವಳಿಗೆ ಅದರ ಗಾಳಿ ತಾಗುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲವೂ ಸುಣ್ಣದ ಕಲ್ಲಿನ ನೆಲ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಈ ಕಲ್ಲಿನ ಮೇಲೆ. ಶಹಾಬಾದ್ ಕಲ್ಲಂತೂ ದೂರದ ಊರುಗಳ ನೆಲಕ್ಕೂ ಹಾಸಾಗಿದೆ. ನೆಲಕ್ಕೆ ಹಾಸಿದ ಕಲ್ಲು ಕಾಲಿಗೆ ತಂಪು. ಆದರೆ ಚಾವಣಿಗೆ ಹಾಸಿದ ಕಲ್ಲಾಗಲಿ, ಸಿಮೆಂಟಿನ ಸ್ಲಾಬಾಗಲಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ನಮ್ಮ ಮೇಲೆ ಬಿಡುತ್ತದೆ. ಮಗು ರಾತ್ರಿ ಹನ್ನೆರಡಾದರೂ ನಿದ್ದೆ ಮಾಡದಿರುವುದು ಈ ಕಾರಣಕ್ಕೆ. ಹಿರಿಯರ ಮಣ್ಣಿನ ಮಾಳಿಗೆಯಲ್ಲಿ ಈ ತೊಂದರೆ ಕಡಿಮೆ ಇತ್ತು. ಚಿಂಚೋಳಿ ಕಡೆ ಹೋದರೆ ಕೆಂಪು ಕಲ್ಲು, ಕಾಡು ಸಿಗುತ್ತದೆ. ಸ್ಲಾಬ್ ಮಾತ್ರ ಎಲ್ಲ ಕಡೆಯೂ ಒಂದೇ.

ಆದುದರಿಂದ ಹಣ ಖರ್ಚು ಮಾಡುವುದಿದ್ದರೆ ಮೊದಲು ಮಾಳಿಗೆಯ ಮೇಲೆ ಮಾಡಿ. ಮಾರ್ಚ್ ಬರುವ ಮೊದಲೇ ಸ್ಲಾಬನ್ನು ಗುಡಿಸಿ ತೊಳೆದು, ಸೋಸಿದ ಸುಣ್ಣದ ನೀರಿಗೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ, ಒಳಗಿನ ಶಾಖ ಕೆಲವು ಡಿಗ್ರಿ ಇಳಿಯುತ್ತದೆ. ಮಳೆಗೆ ಅದು ತೊಳೆದು ಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಸುಣ್ಣ ಕಣ್ಣಿಗೆ ಹಾರದಂತೆ ಎಚ್ಚರವಿರಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನು ಕೂಲರಿನ ವಿಷಯ. ಒಣ ಗಾಳಿ ಒದ್ದೆ ಹುಲ್ಲಿನ ಮೂಲಕ ಹಾದು ಬರುವಾಗ ನೀರು ಆವಿಯಾಗುತ್ತದೆ, ಆ ಆವಿ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಕೂಲರ್ ಎಂದರೆ ಇಷ್ಟೇ. ನಮ್ಮ ಕಡೆಯ ಬೇಸಿಗೆ ಒಣದಾಗಿರುವುದರಿಂದ ಇದು ಇಲ್ಲಿಗೆ ಹೇಳಿ ಮಾಡಿಸಿದ ಸಾಧನ. ಮಂಗಳೂರಿನ ನೆಂಟರ ಮನೆಯಲ್ಲಿ ಇದೇ ಕೂಲರ್ ಕೆಲಸಕ್ಕೆ ಬಾರದು. ಆದರೆ ಒಳಗೆ ಬಂದ ತೇವದ ಗಾಳಿಗೆ ಹೊರ ಹೋಗಲು ದಾರಿ ಬೇಕು. ಪರ್ದಾದ ಕಾರಣಕ್ಕೆ ಬೀದಿ ಕಡೆಯ ಕಿಟಕಿಗಳನ್ನು ನಾವು ಮುಚ್ಚಿಡುತ್ತೇವೆ, ಕೂಲರನ್ನು ಕೋಣೆಯ ಮೂಲೆಯಲ್ಲಿಟ್ಟು ಬಾಗಿಲನ್ನೂ ಹಾಕುತ್ತೇವೆ. ಆಗ ಅದೇ ತೇವದ ಗಾಳಿ ಸುತ್ತಿ ಸುತ್ತಿ ಮೈ ಅಂಟಂಟಾಗುತ್ತದೆ. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ.

ಹಳೆಯ ಮನೆಗಳಲ್ಲಿ ಗೋಡೆಯ ಮೇಲ್ಭಾಗದಲ್ಲಿ ರೋಶನ್‌ದಾನ್ ಇರುತ್ತಿತ್ತು. ಹೊರಗಿನವರ ದೃಷ್ಟಿ ಒಳಗೆ ಬೀಳುತ್ತಿರಲಿಲ್ಲ, ಬಿಸಿ ಗಾಳಿ ಮೇಲೇರಿ ಹೋಗುತ್ತಿತ್ತು. ಹೊಸ ಮನೆ ಕಟ್ಟುವವರು ಇದನ್ನು ಏಕೆ ಬಿಟ್ಟರೋ ತಿಳಿಯದು. ಕೂಲರನ್ನು ಕಿಟಕಿಯ ಹೊರಗೆ ನೆರಳಲ್ಲಿಟ್ಟು, ಎದುರು ಗೋಡೆಯಲ್ಲಿ ಒಂದು ರೋಶನ್‌ದಾನ್ ತೆಗೆಸಿದರೆ ಪರ್ದಾಕ್ಕೂ ಭಂಗವಿಲ್ಲ, ಗಾಳಿಗೂ ದಾರಿ. ಅಡುಗೆಮನೆಗೂ ಹಾಗೆಯೇ ಒಂದನ್ನು ತೆಗೆಸಿ, ಅಲ್ಲಿ ಹೊಗೆ ಎಳೆಯುವ ಚಿಕ್ಕ ಫ್ಯಾನ್ ಕೂರಿಸಿರಿ. ಬೈಠಕ್ ಖೋಲಿಗೆ ಹೊಸ ಸೋಫಾ ತರುವುದಕ್ಕಿಂತ ಇದು ಮುಖ್ಯ.

ನಮ್ಮ ಬೋರ್‌ವೆಲ್ ನೀರು ಗಡಸು. ಆವಿಯಾಗುವುದು ನೀರು ಮಾತ್ರ, ಸುಣ್ಣ ಉಳಿಯುತ್ತದೆ. ಮತ್ತೆ ಮತ್ತೆ ನೀರು ತುಂಬಿದಂತೆ ಹುಲ್ಲು ಬಿಳಿಗಟ್ಟಿ ಕಲ್ಲಾಗುತ್ತದೆ, ಪಂಪಿನ ಬಾಯಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಆ ನೀರನ್ನು ಚರಂಡಿಗೆ ಬಿಡದೆ ಅಂಗಳ ತೊಳೆಯಲು, ಪಾಯಿಖಾನೆಗೆ ಬಳಸಿರಿ. ಒಂದು ಮುದ್ದ್, ಅಂದರೆ ಎರಡು ಅಂಗೈ ಸೇರಿಸಿದ ಒಂದು ಬೊಗಸೆಯಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದ ಪ್ರವಾದಿಯ(ಸ) ಸಮುದಾಯ ನಾವು. ಪಂಪನ್ನು ನಿಂಬೆ ರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟರೆ ಸುಣ್ಣ ಬಿಡುತ್ತದೆ. ಹುಲ್ಲನ್ನು ಪ್ರತಿ ವರ್ಷ ಬದಲಿಸಿ. ಜೇನುಗೂಡಿನಂತಹ ಪ್ಯಾಡ್ ದುಬಾರಿಯಾದರೂ ಹೆಚ್ಚು ವರ್ಷ ಬಾಳುತ್ತದೆ. ಫ್ಯಾನ್ ನಿಧಾನವಾದರೆ ಮೋಟರ್ ಸುಟ್ಟಿತೆಂದು ಗಾಬರಿಪಡಬೇಡಿ, ಅನೇಕ ಸಲ ಕಂಡೆನ್ಸರ್ ಬದಲಿಸಿದರೆ ಸಾಕು.

ವಾರಕ್ಕೊಮ್ಮೆ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಡೆಂಗಿ ಹರಡುವ ಸೊಳ್ಳೆ ಸ್ವಚ್ಛ ನಿಂತ ನೀರಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಸಾಕು. ಟ್ಯಾಂಕಿನ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದುದರಿಂದ ನೀರು ಚೆಲ್ಲಿದರೆ ಸಾಲದು, ಬ್ರಶ್ಶಿನಿಂದ ಉಜ್ಜಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಕರೆಂಟಿನದು. ತಗಡಿನ ಕೂಲರ್, ಒಳಗೆ ನೀರು, ಕೆಳಗೆ ಒದ್ದೆ ಕಲ್ಲಿನ ನೆಲ, ಬರಿಗಾಲಿನ ಮಗು. ವೈರಿನ ಸಿಪ್ಪೆ ಒಂದು ಕಡೆ ಸುಲಿದಿದ್ದರೂ ಪ್ರಾಣಕ್ಕೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ ಇದ್ದು ಮನೆಗೆ ಅರ್ಥಿಂಗೇ ಇಲ್ಲದಿದ್ದರೆ ಆ ಮೂರನೆಯ ಪಿನ್ ಬರೀ ತೋರಿಕೆಗೆ. ಅರ್ಥಿಂಗ್ ಗುಂಡಿ ಸರಿ ಇದೆಯೇ ಎಂದು ಬೇಸಿಗೆಗೆ ಮುಂಚೆ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. 30 ಮಿಲಿ ಆಂಪಿಯರಿಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಮೀಟರ್ ಬೋರ್ಡಿನಲ್ಲಿ ಹಾಕಿಸಿ. ನೀರು ತುಂಬುವಾಗ, ತೊಳೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಈ ಕೆಲಸವನ್ನು ಮಕ್ಕಳಿಗೆ ಹೇಳಬೇಡಿ.

ಎಸಿ ಹಾಕಿಸುವವರೂ ಈಗ ಹೆಚ್ಚುತ್ತಿದ್ದಾರೆ. ಉಸಿರಿನ ತೊಂದರೆಯ ವೃದ್ಧರಿದ್ದರೆ ಅದು ಆಡಂಬರವಲ್ಲ. ಆದರೆ ಲೆಕ್ಕ ಹಾಕಿ. ಕೂಲರ್ ಐದಾರು ಗಂಟೆ ತಿರುಗಿದರೆ ಸುಮಾರು ಒಂದು ಯುನಿಟ್, ಒಂದೂವರೆ ಟನ್ನಿನ ಎಸಿ ಗಂಟೆಗೇ ಒಂದು ಯುನಿಟ್ಟಿಗಿಂತ ಹೆಚ್ಚು ಎಳೆಯಬಹುದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಮ್ಮ ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿನವರೆಗೆ ಮಾತ್ರ ಉಚಿತ. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎಸಿಯನ್ನು 24ಕ್ಕಿಂತ ಕೆಳಗಿಳಿಸದೆ ಜೊತೆಗೆ ಫ್ಯಾನ್ ಹಾಕಿರಿ, ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ನಮ್ಮ ಕಡೆಯ ಸಿಮೆಂಟ್ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಜೂನಿನಲ್ಲಿ ಮಳೆ ಹಿಡಿದು ಗಾಳಿ ತೇವವಾದ ಮೇಲೆ ಕೂಲರಿನಲ್ಲಿ ನೀರು ಹಾಕಿ ಫಲವಿಲ್ಲ. ಆಗ ಹುಲ್ಲು ತೆಗೆದು, ಟ್ಯಾಂಕ್ ಉಜ್ಜಿ ಬಿಸಿಲಿಗೆ ಒಣಗಿಸಿ, ತಳದ ತುಕ್ಕನ್ನು ಕೆರೆದು ಡಾಂಬರಿನ ಬಣ್ಣ ಬಳಿದು, ಹಳೆಯ ಚಾದರ ಮುಚ್ಚಿ ಎತ್ತಿಡಿ.