ಟೆಕ್ಸಾಸಿನ ಬಿಯರು, ಹಾಸನದ ಸೈಟು

2018ರ ಬೇಸಿಗೆ. ಡಲ್ಲಾಸ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಚಿತ್ರಾನ್ನದ ಪಾತ್ರೆ, ಪಕ್ಕದಲ್ಲೇ ಲ್ಯಾಪ್‌ಟಾಪ್. ಎದುರಿಗೆ ಹಾಸನದ ಕಡೆಯ ಎಂಜಿನಿಯರ್ ಗೆಳೆಯರೊಬ್ಬರು ಮತ್ತು ಅವರ ಭಾವ. ಗೆಳೆಯರು ಗರಾಜಿನಲ್ಲಿ ಬಿಯರ್ ತಯಾರಿಸುವುದರಲ್ಲಿ ಪಳಗಿದವರು. ಇಲ್ಲಿ ಅದು ಕಳ್ಳಭಟ್ಟಿಯಲ್ಲ. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಗೆಳೆಯರಿಗೆ ಈಗ ಮಾರುವ ಆಸೆ ಬಂದಿತ್ತು. ಊರ ಹೊರಗೆ ಶುರುವಾಗಲಿದ್ದ ಸಣ್ಣ ಬ್ರೂವರಿಯೊಂದರಲ್ಲಿ ಪಾಲು ಸಿಗುವುದರಲ್ಲಿತ್ತು. ಅದಕ್ಕಾಗಿ ಹಾಸನದಲ್ಲಿದ್ದ ಸೈಟು ಮಾರಲು ತಂದೆ ಒಪ್ಪಿದ್ದರು. ತಾಯಿ ಮಾತ್ರ ಫೋನಿನಲ್ಲಿ, "ಅಷ್ಟು ಓದಿಸಿದ್ದು ಹೆಂಡ ಮಾಡೋಕಾ ಮಗಾ?" ಎಂದಿದ್ದರಂತೆ.

ನಮ್ಮದು ಗಂಡ-ಹೆಂಡತಿ ಸೇರಿ ನಡೆಸುವ ಸಣ್ಣ ಲೆಕ್ಕಪತ್ರ ಕಚೇರಿ. ಐದು ವರ್ಷದ ಆದಾಯ-ವೆಚ್ಚದ ಅಂದಾಜು ಮಾಡಿಕೊಟ್ಟೆವು. ಎರಡನೇ ವರ್ಷಕ್ಕೇ ಲಾಭ ಕಂಡಿತು. ಎಲ್ಲರಿಗೂ ಖುಷಿ.

ತಪ್ಪು ನಮ್ಮದೇ. ಕೊಲೊರಾಡೊಗೆ ಪ್ರವಾಸ ಹೋದಾಗ ಬ್ರೂವರಿಯ ಬಾಗಿಲಲ್ಲೇ ಕ್ಯಾನ್‌ಗಳನ್ನು ಕೊಂಡು ತಂದಿದ್ದೆವು. ಇಲ್ಲೂ ಹಾಗೇ ಇರುತ್ತದೆಂದು 'ಪಾರ್ಸಲ್ ಮಾರಾಟ' ಎಂಬ ಕಾಲಂ ಹಾಕಿದ್ದೆವು. ಲೈಸೆನ್ಸ್ ವಕೀಲರು ಅದರ ಮೇಲೆ ಅಡ್ಡಗೆರೆ ಎಳೆದರು. ಆ ಕಾಲಂ ತೆಗೆದೊಡನೆ ಲಾಭ ಹೋಗಿ ನಷ್ಟ ಬಂತು.

ಇದರ ಬೇರು 1933ರಲ್ಲಿದೆ. ಆ ವರ್ಷ ಸಂವಿಧಾನದ 21ನೇ ತಿದ್ದುಪಡಿಯಿಂದ ಅಮೆರಿಕದಲ್ಲಿ ಪಾನನಿಷೇಧ ಮುಗಿದು, ಮದ್ಯದ ಅಧಿಕಾರ ರಾಜ್ಯಗಳ ಕೈಗೆ ಬಂತು. ಹೆಚ್ಚಿನ ರಾಜ್ಯಗಳು ವ್ಯಾಪಾರವನ್ನು ಮೂರು ಅಂತಸ್ತು ಮಾಡಿದವು: ತಯಾರಕ, ವಿತರಕ, ಅಂಗಡಿಯವ. ದೊಡ್ಡ ತಯಾರಕರು ಬಾರುಗಳನ್ನೆಲ್ಲ ಕೊಂಡು ಜನರಿಗೆ ಕುಡಿಸಬಾರದೆಂಬುದು ಉದ್ದೇಶ. ನಮ್ಮ ಓದುಗರಿಗೆ ಇದು ಹೊಸದಲ್ಲ. ಕರ್ನಾಟಕದಲ್ಲಿ 2003ರಿಂದ ಮಧ್ಯದ ಅಂತಸ್ತಿನಲ್ಲಿ ಸರ್ಕಾರದ್ದೇ ಪಾನೀಯ ನಿಗಮ ಕುಳಿತಿದೆ. ಟೆಕ್ಸಾಸಿನಲ್ಲಿ ಅಲ್ಲಿರುವವರು ಖಾಸಗಿ ವಿತರಕರು. ಶಾಸನಸಭೆಯಲ್ಲಿ ಅವರ ಮಾತಿಗೆ ತೂಕ ಹೆಚ್ಚು.

2013ಕ್ಕೆ ಮೊದಲು ಟೆಕ್ಸಾಸಿನ ಬ್ರೂವರಿಯವರು ನೋಡಲು ಬಂದವರಿಗೆ ಒಂದು ಲೋಟ ಬಿಯರನ್ನೂ ಮಾರುವಂತಿರಲಿಲ್ಲ. ಆ ವರ್ಷದ ಕಾನೂನು, ವರ್ಷಕ್ಕೆ 2,25,000 ಬ್ಯಾರಲ್ ಮೀರದ ತಯಾರಕರಿಗೆ ತಮ್ಮಲ್ಲೇ 5,000 ಬ್ಯಾರಲ್‌ವರೆಗೆ ಮಾರಲು ಬಿಟ್ಟಿತು. ಒಂದು ಬ್ಯಾರಲ್ ಎಂದರೆ ಸುಮಾರು 117 ಲೀಟರ್. ಆದರೆ ಅಲ್ಲೇ ಕುಳಿತು ಕುಡಿಯಬೇಕು, ಮನೆಗೆ ಒಯ್ಯುವಂತಿಲ್ಲ. ವೈನರಿಗಳಿಗೆ, ಬ್ರೂಪಬ್ ಲೈಸೆನ್ಸ್ ಇದ್ದವರಿಗೆ ಪಾರ್ಸಲ್ ಕೊಡುವ ಅವಕಾಶ ಆಗಲೇ ಇತ್ತು. ಬ್ರೂವರಿಗೆ ಮಾತ್ರ ಇಲ್ಲ.

ಸಣ್ಣ ತಯಾರಕರಿಗೆ ನೇರ ಮಾರಾಟ ಏಕೆ ಮುಖ್ಯ? ವಿತರಕರ ಮೂಲಕ ಹೋದ ಕ್ಯಾನಿನಲ್ಲಿ ಅವರದೊಂದು ಪಾಲು, ಅಂಗಡಿಯದೊಂದು ಪಾಲು ಕಳೆದು ಉಳಿದದ್ದು ಕೈಗೆ. ಬಾಗಿಲಲ್ಲಿ ಮಾರಿದ ಕ್ಯಾನಿನ ಪೂರ್ತಿ ಬೆಲೆ ಅಂದೇ ಗಲ್ಲಾಪೆಟ್ಟಿಗೆಗೆ. ಬ್ಯಾಂಕಿನ ಕಂತು ಕಟ್ಟುವುದು ಆ ಹಣದಿಂದ.

ವಕೀಲರು ಇನ್ನೂ ಎರಡು ಗಂಟು ತೋರಿಸಿದರು. ಭಾವನವರಿಗೆ ಪೆಟ್ರೋಲ್ ಬಂಕಿನ ಅಂಗಡಿಯೊಂದರಲ್ಲಿ ಪಾಲಿತ್ತು. ಅಲ್ಲಿ ಬಿಯರ್ ಮಾರುತ್ತಿದ್ದರು. ಒಂದು ಅಂತಸ್ತಿನಲ್ಲಿ ಹಣ ಹಾಕಿದವರು ಇನ್ನೊಂದು ಅಂತಸ್ತಿನಲ್ಲಿ ಪಾಲು ಹೊಂದುವುದನ್ನು ಕಾನೂನು ತಡೆಯುತ್ತದೆ. ಭಾವನವರು ಅಂಗಡಿ ಬಿಡಬೇಕು, ಇಲ್ಲವೇ ಬ್ರೂವರಿ. ಗೆಳೆಯರದು ಎಚ್‌1ಬಿ ವೀಸಾ. ಷೇರು ಇಟ್ಟುಕೊಳ್ಳಬಹುದು, ಆದರೆ ಬೇರೊಂದು ಕಂಪನಿಯ ನೌಕರಿಯ ಮೇಲೆ ಬಂದವರು ಅಲ್ಲಿ ಲೋಟ ತೊಳೆಯುವಂತೆಯೂ ಇಲ್ಲ. ಬಿಯರ್ ಮಾಡುವ ಕೈಗೇ ಕಟ್ಟು ಬಿದ್ದಂತಾಯಿತು.

ಆ ರಾತ್ರಿಯೇ ಹಾಸನಕ್ಕೆ ಫೋನ್ ಹೋಯಿತು: "ಅಪ್ಪಾ, ಸೈಟು ಈಗ ಬೇಡ."

ಮರುವರ್ಷ ಕಾನೂನು ಬದಲಾಯಿತು. ರಾಜ್ಯದ ಮದ್ಯ ಆಯೋಗದ ಪುನರ್‌ಪರಿಶೀಲನೆಯ ಮಸೂದೆಯಲ್ಲೇ ಪಾರ್ಸಲ್ ಬಿಯರಿಗೂ ಅನುಮತಿ ಸೇರಿತು. 2019ರ ಸೆಪ್ಟೆಂಬರ್ 1ರಿಂದ ಒಬ್ಬರು ದಿನಕ್ಕೆ 288 ಔನ್ಸ್, ಅಂದರೆ 12 ಔನ್ಸಿನ 24 ಕ್ಯಾನ್, ಬ್ರೂವರಿಯಿಂದಲೇ ಕೊಂಡು ಹೋಗಬಹುದು. ಈ ಅವಕಾಶ ಕೊಟ್ಟ ಕೊನೆಯ ರಾಜ್ಯ ಟೆಕ್ಸಾಸ್ ಎಂದೇ ಇಲ್ಲಿಯವರು ಹೇಳುತ್ತಿದ್ದರು.

ಆರೇ ತಿಂಗಳು ಕಳೆದಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲೆಡೆ ಕುಳಿತು ಕುಡಿಯುವುದು ನಿಂತಿತು. ಗೆಳೆಯರು ಪಾಲು ಹಾಕಬೇಕೆಂದಿದ್ದ ಬ್ರೂವರಿಯ ಮುಂದೆ ಶನಿವಾರ ಕಾರುಗಳ ಸಾಲು. ಮುಖಗವುಸು ಹಾಕಿದ ಹುಡುಗರು ಕ್ಯಾನಿನ ಪೆಟ್ಟಿಗೆಗಳನ್ನು ಡಿಕ್ಕಿಗೆ ಇಡುತ್ತಿದ್ದರು. ಆ ಸಾಲಿನಲ್ಲಿ ನಾವೂ ಇದ್ದೆವು. ವಕೀಲರು ಹೊಡೆದುಹಾಕಿದ ಅದೇ ಕಾಲಂ ಈಗ ಆ ಹುಡುಗರ ಸಂಬಳ ಹುಟ್ಟಿಸುತ್ತಿತ್ತು.

ಕಾನೂನು ಇಷ್ಟು ಬೇಗ ಬದಲಾಗುವುದಾದರೆ ಅಂದು ಧೈರ್ಯ ಮಾಡಬಹುದಿತ್ತಲ್ಲ ಎಂದು ಭಾವನವರು ಈಗಲೂ ನಮ್ಮನ್ನು ಕೆಣಕುತ್ತಾರೆ. ನಮ್ಮ ಉತ್ತರ ಒಂದೇ: ಬರಬಹುದಾದ ಕಾನೂನನ್ನು ನಂಬಿ ಇರುವ ಸೈಟು ಮಾರಲಾಗದು.

ನಿಮ್ಮ ಮಗ, ಮಗಳು ಅಥವಾ ಅಳಿಯ ಅಮೆರಿಕದಿಂದ ಇಂಥ ವ್ಯವಹಾರಕ್ಕೆ ಹಣ ಕೇಳಿದರೆ ಬೈಯಬೇಡಿ, ಮೂರು ಪ್ರಶ್ನೆ ಕೇಳಿ. ಲೈಸೆನ್ಸ್ ಯಾವುದು, ಅದರಲ್ಲಿ ಯಾರಿಗೆ ಮಾರಬಹುದು? ಪಾಲುದಾರರಲ್ಲಿ ಯಾರಿಗಾದರೂ ಮದ್ಯ ಮಾರುವ ಅಂಗಡಿಯಲ್ಲಿ ಪಾಲಿದೆಯೇ? ನಿನ್ನ ವೀಸಾದಲ್ಲಿ ಅಲ್ಲಿ ಕೆಲಸ ಮಾಡಬಹುದೇ? ರಾಜ್ಯ ಬದಲಾದರೆ ಮೊದಲ ಎರಡರ ಉತ್ತರವೂ ಬದಲಾಗುತ್ತದೆ. ಬರವಣಿಗೆಯಲ್ಲೇ ಉತ್ತರ ಕೇಳಿ.

ಗೆಳೆಯರ ಗ್ರೀನ್ ಕಾರ್ಡ್ ಸರದಿ ಇನ್ನೂ ಬಂದಿಲ್ಲ. ಗರಾಜಿನ ಬಿಯರ್ ನಿಂತಿಲ್ಲ. ಹಾಸನದ ಸೈಟಿನಲ್ಲಿ ಅವರ ತಾಯಿ ನುಗ್ಗೆ ಗಿಡ ಹಾಕಿಸಿದ್ದಾರೆ. ಕಳೆದ ಸಲ ಊರಿಗೆ ಹೋದಾಗ ನಮಗೂ ಒಂದು ಕಟ್ಟು ಕಾಯಿ ಕೊಟ್ಟರು.